ಓರಗಿತ್ತಿಯನ್ನು ಮಾತ್ರ ಒಳಗೆ ಬಿಟ್ಟ ಯಂತ್ರ

ಕಾರ್ಮಿಕ ಸಂಘದ ಕೋಣೆಯ ಕಂಪ್ಯೂಟರು ಅಂದು ಬೆಳಿಗ್ಗೆ ಮೀಟರಕ್ಕನನ್ನು ನಾಲ್ಕು ಸಲ ಬಾಗಿಲಿಂದಾಚೆ ತಳ್ಳಿತು. ಪಾಸ್‌ವರ್ಡ್ ಕೇಳುವ ನೀಲಿ ಪರದೆ ಎಂದಿನಂತೆಯೇ ಬಂತು. ಅವಳು ಒಂದೊಂದೇ ಅಕ್ಷರ ಒತ್ತಿ ಎಂಟರ್ ಹೊಡೆದಳು. ಪರದೆ ಕಪ್ಪಾಯಿತು, ಒಂದು ಉಸಿರೆಳೆದು ಬಿಡುವಷ್ಟು ಹೊತ್ತು ಹಾಗೇ ಇತ್ತು, ಆಮೇಲೆ ಮತ್ತೆ ಅದೇ ನೀಲಿ, ಅದೇ ಖಾಲಿ ಚೌಕ. ಪಾಸ್‌ವರ್ಡ್ ತಪ್ಪು ಎಂದು ಬೈದಿದ್ದರೆ ಅದೊಂದು ಸಮಾಧಾನ. ಬೈಯಲೂ ಇಲ್ಲ. ಮನೆಗೆ ಬಂದ ನೆಂಟರನ್ನು ಜಗುಲಿ ಹತ್ತಿಸಿ, ನೀರು ಕೊಟ್ಟು, ಒಳಗೆ ಮಾತ್ರ ಕರೆಯದ ಮನೆಯವರ ಹಾಗೆ ಸುಮ್ಮನೆ ಹೊರಗೆ ಕೂರಿಸಿತು.

ಗಂಟೆ ಹತ್ತಾಗಿತ್ತು. ಮಧ್ಯಾಹ್ನ ಮೂರಕ್ಕೆ ಕಾರ್ಮಿಕ ಇಲಾಖೆಯ ಅಧಿಕಾರಿ ಬರುವವರಿದ್ದರು.

ಮೀಟರಕ್ಕ ಎಂಬುದು ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆಸ್ಪತ್ರೆಗಳ ಬಟ್ಟೆ ಒಗೆದುಕೊಡುವ ಆ ದೊಡ್ಡ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ ಇಸ್ತ್ರಿ ವಿಭಾಗದಲ್ಲಿ. ಒದ್ದೆ ಹಾಸುಬಟ್ಟೆಯ ಎರಡು ತುದಿ ಹಿಡಿದು ಬಿಸಿ ರೋಲರಿನ ಬಾಯಿಗೆ ಕೊಡಬೇಕು, ಆಚೆ ಬದಿಯಲ್ಲಿ ಮಡಿಸುವವರು ಹಿಡಿದುಕೊಳ್ಳುತ್ತಾರೆ. ಆರು ರೋಲರು, ಹದಿನೆಂಟು ಹೆಂಗಸರು, ಮೇಲೆ ತಗಡಿನ ಸೂರು. ಹೋದ ವರ್ಷದ ಬೇಸಿಗೆಯಲ್ಲಿ ಒಂದೇ ವಾರ ಮೂವರು ತಲೆ ತಿರುಗಿ ಬಿದ್ದರು. ಮ್ಯಾನೇಜರು ಅವರನ್ನು ನೋಡಿ, ಬೆಳಿಗ್ಗೆ ಸರಿಯಾಗಿ ತಿಂದು ಬರಬೇಕು ಎಂದು ಬುದ್ಧಿ ಹೇಳಿ ಹೋದರು. ಅಷ್ಟೊಂದು ಸೆಕೆ ಇಲ್ಲಿ ಇಲ್ಲವೇ ಇಲ್ಲ ಎಂದರು. ಮರುದಿನ ಅವಳು ಅಂಗಡಿಯಿಂದ ಒಂದು ತಾಪಮಾಪಕ ತಂದು ಮೂರನೇ ರೋಲರಿನ ಪಕ್ಕದ ಕಂಬಕ್ಕೆ ನೇತುಹಾಕಿದಳು. ದಿನಾ ಮಧ್ಯಾಹ್ನ ಎರಡಕ್ಕೆ ಅದನ್ನು ನೋಡಿ, ಪಾಳಿ ಮುಗಿದ ಮೇಲೆ ಸಂಘದ ಕೋಣೆಗೆ ಹೋಗಿ ಕಂಪ್ಯೂಟರಿನಲ್ಲಿ ಬರೆದಿಟ್ಟಳು. ಒಂದೇ ಕಡತದಲ್ಲಿ ಸಾಲಿನ ಕೆಳಗೆ ಸಾಲು ಸೇರಿಸುವುದು ಅವಳಿಗೆ ಆಗ ಗೊತ್ತಿರಲಿಲ್ಲ, ಹಾಗಾಗಿ ದಿನಕ್ಕೊಂದು ಹೊಸ ಕಡತ. ಹದಿನಾಲ್ಕು ತಿಂಗಳಲ್ಲಿ ಮುನ್ನೂರ ನಲವತ್ತೊಂದು ಕಡತ. ಮೀಟರು ನೋಡುವ ಅಕ್ಕ ಮೀಟರಕ್ಕ ಆದಳು. ಮೊದಲು ತಮಾಷೆಗೆ ಕರೆದರು, ಆಮೇಲೆ ಮರ್ಯಾದೆಗೆ.

ಸಂಘ ದೂರು ಕೊಟ್ಟಾಗ ಕಾರ್ಖಾನೆಯವರು, ಆ ಲೆಕ್ಕವೆಲ್ಲ ಒಂದೇ ದಿನ ಕೂತು ಬರೆದ ಕಟ್ಟುಕತೆ ಎಂದು ಉತ್ತರ ಕೊಟ್ಟರು. ಅದಕ್ಕೆ ಅಧಿಕಾರಿ ಕಾಗದ ಕಳಿಸಿದ್ದರು: ಪ್ರತಿಯೊಂದು ಕಡತ ಯಾವ ದಿನ ಹುಟ್ಟಿತು ಎಂದು ನಾನೇ ನೋಡಬೇಕು, ಕಂಪ್ಯೂಟರು ಇದ್ದ ಜಾಗದಲ್ಲೇ, ಇದ್ದ ಹಾಗೆಯೇ ಇರಲಿ. ಆ ಕಾಗದವನ್ನು ಮೀಟರಕ್ಕ ಗೋಡೆಗೆ ಅಂಟಿಸಿದ್ದಳು. ‘ಇದ್ದ ಹಾಗೆಯೇ’ ಎಂಬುದರ ಕೆಳಗೆ ಎರಡು ಗೀಟು ಎಳೆದಿದ್ದಳು.

ಕಂಪ್ಯೂಟರು ಕೈಕೊಟ್ಟ ಸುದ್ದಿ ಮೆಟ್ಟಿಲ ಕೆಳಗಿನ ಆ ಕೋಣೆಯಿಂದ ಕಾರ್ಖಾನೆಯೆಲ್ಲ ಹರಡಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಅದಕ್ಕೆ ಕಾರಣ ಅವಳ ಓರಗಿತ್ತಿ. ಗಂಡನ ಅಣ್ಣನ ಹೆಂಡತಿ, ವಯಸ್ಸಿನಲ್ಲಿ ನಾಲ್ಕು ವರ್ಷ ಹಿರಿಯಳು, ಮಡಿಸುವ ಮೇಜಿನವಳು, ಬಾಯಿ ಜೋರು. ಬಾಗಿಲಲ್ಲಿ ನಿಂತು ಒಳಗಿನದನ್ನು ನೋಡಿ ಹೊರಗಿನವರಿಗೆ ಹೇಳುತ್ತಿದ್ದಳು. ಕಾರ್ಖಾನೆಯ ಕಂಪ್ಯೂಟರ್ ನೋಡಿಕೊಳ್ಳುವವನೇ ಇದಕ್ಕೆ ಕೈ ಹಾಕಿರಬೇಕು, ಮೊನ್ನೆ ಈ ಕಡೆ ಸುಳಿದಾಡುತ್ತಿದ್ದ, ಕಳ್ಳನ ಕಾಲು ಬೇರೆ, ದೊರೆಯ ಕಾಲು ಬೇರೆ ಎಂದು ನಡಿಗೆ ನೋಡಿದರೇ ತಿಳಿಯುತ್ತದೆ ಎಂದಳು.

ಹತ್ತೂ ಕಾಲಿಗೆ ಮ್ಯಾನೇಜರೇ ಬಂದರು, ಹಿಂದೆ ಆ ಕಂಪ್ಯೂಟರಿನವನನ್ನೂ ಕರೆತಂದಿದ್ದರು. ದನಿಯಲ್ಲಿ ಬೆಣ್ಣೆ. ನೀವು ಯಾಕೆ ಒದ್ದಾಡಬೇಕು, ಸಂಘ ಬೇರೆ ಕಾರ್ಖಾನೆ ಬೇರೆ ಅಂತ ನಾನು ಯಾವತ್ತೂ ನೋಡಿದವನಲ್ಲ, ಇವನು ಹತ್ತೇ ನಿಮಿಷದಲ್ಲಿ ಎಲ್ಲ ಒರೆಸಿ ಹೊಸದಾಗಿ ಹಾಕಿಕೊಡುತ್ತಾನೆ ಎಂದರು. ಕಂಪ್ಯೂಟರಿನವನು ನೆಲ ನೋಡುತ್ತಿದ್ದ.

“ಒರೆಸೋಕೆ ಇದು ನೆಲ ಅಲ್ಲ ಸಾರ್,” ಎಂದಳು ಮೀಟರಕ್ಕ. “ನಮ್ಮದು ನಾವು ನೋಡ್ಕೋತೀವಿ.”

“ಮೂರು ಗಂಟೆಗೆ ಅವರು ಬಂದಾಗ ಕಪ್ಪು ಪರದೆ ತೋರಿಸ್ತೀರಾ?”

“ಅದೇ ಇದ್ರೆ ಅದೇ ತೋರಿಸ್ತೀನಿ. ಇದ್ದ ಹಾಗೇ ಇಡಿ ಅಂತ ಬರ್ದಿದಾರೆ.”

ಮ್ಯಾನೇಜರು ಗೋಡೆಯ ಕಾಗದವನ್ನು ನೋಡಿದರು, ಎರಡು ಗೀಟನ್ನೂ ನೋಡಿದರು, ಹೊರಟರು. ಅವರು ಹೋದ ಮೇಲೆ ಮೀಟರಕ್ಕ ಒಳಗಿಂದ ಚಿಲಕ ಹಾಕಿ ಕುರ್ಚಿಯಲ್ಲಿ ಕೂತಳು. ಬಾಯಲ್ಲಿ ಹೇಳಿದ್ದು ಸುಲಭ, ಆದರೆ ಈ ಯಂತ್ರದ ಹೊಟ್ಟೆಯೊಳಗೆ ಏನಿದೆ ಎಂದು ಅವಳಿಗೆ ಎಳ್ಳಷ್ಟೂ ಗೊತ್ತಿರಲಿಲ್ಲ.

ಗೊತ್ತಿದ್ದವನು ಸೋದರಮಾವ, ತಾಯಿಯ ತಮ್ಮ. ಇದೇ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಾಯ್ಲರು ನೋಡಿಕೊಂಡವನು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾರದೆ ಕಂಪ್ಯೂಟರು ಕಲಿತು, ಯಾರೋ ಎಸೆದ ಹಳೆಯ ಯಂತ್ರವೊಂದಕ್ಕೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ ಸಂಘಕ್ಕೆ ತಂದುಕೊಟ್ಟವನು. ಅವನನ್ನು ಕರೆಸಿದರೆ ಅರ್ಧ ಗಂಟೆಯ ಕೆಲಸ. ಆದರೆ ಹಿಂದಿನ ದಿನವಷ್ಟೇ ಅವನ ಎರಡನೇ ಕಣ್ಣಿನ ಪೊರೆ ತೆಗೆದಿದ್ದರು. ಬಗ್ಗಬಾರದು, ಏಳಬಾರದು, ಫೋನಿನ ಪರದೆ ನೋಡಲೇಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಕಿವಿಗೆ ಮಾತ್ರ ಯಾವ ಕಟ್ಟೂ ಇರಲಿಲ್ಲ. ಮೀಟರಕ್ಕ ಫೋನು ಮಾಡಿ ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಳು.

ಮಾವ ಎಲ್ಲ ಕೇಳಿಸಿಕೊಂಡು, ಬಾಯ್ಲರಿನ ಒತ್ತಡ ಕೇಳುವ ಧಾಟಿಯಲ್ಲಿ ಒಂದೊಂದೇ ಪ್ರಶ್ನೆ ಹಾಕಿದ. ಆಮೇಲೆ, ಬಣ್ಣದ ಪರದೆಯನ್ನು ಬಿಟ್ಟು ಹಿಂಬಾಗಿಲಿಂದ ಹೋಗಬೇಕು ಎಂದ. ಕಂಟ್ರೋಲ್, ಆಲ್ಟ್ ಎರಡನ್ನೂ ಒತ್ತಿ ಹಿಡಿದು ಮೇಲಿನ ಸಾಲಿನ ಎಫ್ ಮೂರನ್ನು ಒತ್ತಿಸಿದ. ನೀಲಿ ಮಾಯವಾಗಿ ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು ನಿಂತಿತು. ಚಿತ್ರವಿಲ್ಲ, ಬಾಣದ ಗುರುತಿಲ್ಲ, ಮೌಸು ಅಲ್ಲಾಡಿಸಿದರೆ ಏನೂ ಅಲ್ಲಾಡುವುದಿಲ್ಲ.

ಅಲ್ಲಿ ಅವಳು ‘ಸಂಘ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಳು, ಯಂತ್ರದೊಳಗೆ ಅವರಿಗಿದ್ದ ಹೆಸರು ಅದೇ. ಪಾಸ್‌ವರ್ಡ್ ಕೇಳಿತು. ಒತ್ತಿದರೆ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ. ಕೀಲಿಮಣೆಯೂ ಸತ್ತಿತೆಂದು ಅವಳು ಮೂರು ಸಲ ಅಳಿಸಿ ಮೂರು ಸಲ ಒತ್ತಿದಳು. ಅದು ಅಲ್ಲಿ ಕಾಣಿಸುವುದೇ ಇಲ್ಲ, ಕುರುಡನ ಹಾಗೆ ನಂಬಿಕೆಯ ಮೇಲೆ ಒತ್ತಬೇಕು, ನನ್ನನ್ನು ನೋಡು, ನಾನೂ ನಿನ್ನೆಯಿಂದ ಹಾಗೇ ಊಟ ಮಾಡುತ್ತಿದ್ದೇನೆ ಎಂದ ಮಾವ. ನಂಬಿ ಒತ್ತಿದಳು. ಯಂತ್ರ ಒಳಗೆ ಬಿಟ್ಟಿತು.

ಮೊದಲ ಕೆಲಸ, ಜಾಗ ತುಂಬಿಹೋಗಿದೆಯೇ ಎಂದು ನೋಡುವುದು. ತುಂಬಿದ್ದರೆ ಯಂತ್ರಕ್ಕೆ ಉಸಿರಾಡಲು ಆಗುವುದಿಲ್ಲವಂತೆ. ಅವನು ಹೇಳಿದ ಎರಡು ಅಕ್ಷರ ಒತ್ತಿ, ಬಂದ ಸಾಲುಗಳನ್ನು ಮಗುವಿನ ಮಗ್ಗಿಯಂತೆ ಒಂದೊಂದಾಗಿ ಓದಿ ಹೇಳಿದಳು. ತುಂಬಿದ್ದು ಶೇಕಡಾ ಅರವತ್ತೊಂದು. ಜಾಗ ಬೇಕಾದಷ್ಟಿತ್ತು. ಎರಡನೆಯದು, ಪಾಸ್‌ವರ್ಡ್ ಕೇಳುವ ಪರದೆಯನ್ನು ಒಮ್ಮೆ ಮಲಗಿಸಿ ಎಬ್ಬಿಸುವುದು. ಮಲಗಿತು, ಎದ್ದಿತು, ಮತ್ತೆ ಹೊರಗೆ ಹಾಕಿತು. ಹನ್ನೊಂದೂವರೆಯಾಯಿತು. ಮಾವ ಆ ಸಾಲುಗಳನ್ನು ಇನ್ನೊಮ್ಮೆ ಓದಿಸಿದ.

“ಚಿತ್ರ ಬಿಡಿಸೋ ಭಾಗವೇ ಹಾಳಾಗಿರ್ಬೇಕು ಕಣೇ,” ಎಂದ ಕೊನೆಗೆ. “ನಾನು ಬಂದು ಎಲ್ಲ ತೆಗ್ದು ಹೊಸದಾಗಿ ಹಾಕ್ಬೇಕಾಗುತ್ತೆ. ಇವತ್ತು ಬೇಡ ಅಂತ ಅವರಿಗೆ ಹೇಳಿಬಿಡು.”

“ಆ ಮ್ಯಾನೇಜರು ಹೇಳಿದ್ದನ್ನೇ ನೀನೂ ಹೇಳ್ತೀಯಲ್ಲ ಮಾವ.”

“ನಾನು ಹೇಳೋದಕ್ಕೂ ಅವನು ಹೇಳೋದಕ್ಕೂ ವ್ಯತ್ಯಾಸ ಇಲ್ವೇನೇ?”

“ಕಡತಕ್ಕೇನು ವ್ಯತ್ಯಾಸ? ಯಾರು ಒರೆಸಿದ್ರೂ ತಾರೀಖು ಹೋಗುತ್ತೆ.”

ಮಾವ ಸಿಟ್ಟಾದ. ಬಾಯ್ಲರಿನವನ ಸಿಟ್ಟು, ಸದ್ದಿಲ್ಲದೆ ಏರುವಂಥದ್ದು. ನಿನಗೆ ಅಷ್ಟು ಗೊತ್ತಿದ್ದರೆ ನನ್ನನ್ನೇಕೆ ಕೇಳುತ್ತೀಯೆ ಎಂದು ಫೋನಿಟ್ಟ. ಬಾಗಿಲಾಚೆಯಿಂದ ಓರಗಿತ್ತಿ, ಅವನಿಗೇ ಗೊತ್ತಾಗದ ಮೇಲೆ ನಿನಗೇನು ತಿಳಿದೀತು, ಅಧಿಕಾರಿಗೆ ಫೋನು ಮಾಡಿ ಆ ಕಂಪ್ಯೂಟರಿನವನ ಮೇಲೆ ದೂರು ಹೇಳು, ನಾಲ್ಕು ಜನ ಸಾಕ್ಷಿ ನಾನು ತರುತ್ತೇನೆ ಎಂದಳು.

ಮೀಟರಕ್ಕ ಆ ನೀಲಿ ಪರದೆಗೆ ಹಿಂದಿರುಗಿ ಅದನ್ನೇ ದಿಟ್ಟಿಸಿದಳು. ಹಿನ್ನೆಲೆಯಲ್ಲಿ ಬೆಟ್ಟದ ಚಿತ್ರವಿತ್ತು, ಮೂಲೆಯಲ್ಲಿ ಗಡಿಯಾರ, ಅಕ್ಷರಗಳ ಅಂಚು ದುಂಡಗೆ. ಇಷ್ಟೆಲ್ಲ ಬಿಡಿಸಲು ಬರುವ ಯಂತ್ರಕ್ಕೆ ಚಿತ್ರ ಬಿಡಿಸುವ ಭಾಗ ಹಾಳಾಗಿದೆ ಎಂದರೆ ಅವಳ ಮನಸ್ಸು ಒಪ್ಪಲಿಲ್ಲ. ಬೇಕೆಂದೇ ತಪ್ಪು ಪಾಸ್‌ವರ್ಡ್ ಹಾಕಿ ನೋಡಿದಳು. ತಪ್ಪು ಎಂದು ಕೆಂಪಗೆ ಬೈಯಿತು. ಅಂದರೆ ಸರಿ ಯಾವುದು ತಪ್ಪು ಯಾವುದು ಎಂದು ಅದಕ್ಕೆ ತಿಳಿಯುತ್ತದೆ. ಹೊಸ್ತಿಲವರೆಗೆ ಎಲ್ಲ ಸರಿ. ಹೊಸ್ತಿಲು ದಾಟಿದ ಮೇಲೆ ಏನೋ ಆಗುತ್ತದೆ.

ಹಾಸುಬಟ್ಟೆ ನಿರಿಗೆ ಬಿದ್ದು ಬಂದರೆ ಇಸ್ತ್ರಿಯವರು ಮೊದಲು ರೋಲರನ್ನು ಬಿಚ್ಚುವುದಿಲ್ಲ. ಬೇರೊಂದು ಬಟ್ಟೆ ಕೊಟ್ಟು ನೋಡುತ್ತಾರೆ. ಅದು ಸರಿಯಾಗಿ ಬಂದರೆ ದೋಷ ರೋಲರಿನದಲ್ಲ, ಮೊದಲ ಬಟ್ಟೆಯದು. ಹತ್ತೊಂಬತ್ತು ವರ್ಷದಲ್ಲಿ ಸಾವಿರ ಸಲ ಮಾಡಿದ ಕೆಲಸ ಅದು. ಅವಳು ಮತ್ತೆ ಮಾವನಿಗೆ ಫೋನು ಮಾಡಿದಳು. ಅವನು ಮೊದಲ ರಿಂಗಿಗೇ ಎತ್ತಿದ, ಫೋನು ಕೈಯಲ್ಲೇ ಹಿಡಿದು ಮಲಗಿದ್ದಿರಬೇಕು.

“ಇದರೊಳಗೆ ಸಂಘ ಅಂತ ಒಬ್ರೇ ಇರೋದಲ್ವಾ? ಇನ್ನೊಬ್ರನ್ನ ಸೇರಿಸಿ, ಅವರನ್ನ ಬಿಡುತ್ತಾ ಅಂತ ನೋಡಬಹುದಾ?”

ಮಾವ, ಇದು ನನಗೆ ಹೊಳೆಯಬೇಕಿತ್ತು ಎಂದು ಗೊಣಗಿದ. ಹಿಂಬಾಗಿಲ ಕಪ್ಪು ಪರದೆಯಲ್ಲಿ ಹೊಸಬರನ್ನು ಸೇರಿಸುವ ಆಜ್ಞೆ ಹೇಳಿಕೊಟ್ಟ. ಅದರ ಮುಂದೆ ‘ಸುಡೊ’ ಹಾಕು ಎಂದ. ಅದು ಯಜಮಾನನ ಅಧಿಕಾರದಲ್ಲಿ ಮಾಡು ಎಂದು ಯಂತ್ರಕ್ಕೆ ಹೇಳುವ ಪದ. ವರ್ಷದ ಹಿಂದೆ ಅವನು ಮೊದಲು ಕಲಿಸಿಕೊಟ್ಟಾಗ ಅವಳ ಕಿವಿಗೆ ಅದು ‘ಸುಡು’ ಎಂದೇ ಬಿದ್ದಿತ್ತು. ಇಸ್ತ್ರಿಯವಳಿಗೆ ಮರೆಯುವ ಮಾತೇ ಅಲ್ಲ. ಯಂತ್ರ ಯಾವುದಕ್ಕಾದರೂ ಆಗಲ್ಲ ಎಂದರೆ ಮುಂದೊಂದು ಸುಡು ಹಾಕಿದರೆ ಬಾಲ ಮುದುರಿಕೊಂಡು ಕೇಳುತ್ತದೆ ಎಂದು ಅವಳು ಕಂಡುಕೊಂಡಿದ್ದಳು.

ಹೊಸಬರ ಹೆಸರೇನು ಎಂದು ಯಂತ್ರ ಕೇಳಿತು. ಬಾಗಿಲಾಚೆ ಇನ್ನೂ ಮಾತು ಕೇಳುತ್ತಿತ್ತು. ಮೀಟರಕ್ಕ ‘ಓರಗಿತ್ತಿ’ ಎಂದು ಒತ್ತಿದಳು. ಹೊಸದೊಂದು ಪಾಸ್‌ವರ್ಡ್ ಕೇಳಿತು, ಕೊಟ್ಟಳು. ಕೋಣೆಯ ಸಂಖ್ಯೆ, ಫೋನು ಎಂದೆಲ್ಲ ಕೇಳಿತು, ಎಂಟರ್ ಹೊಡೆಯುತ್ತ ಹೋದಳು. ನೀಲಿ ಪರದೆಗೆ ಬಂದರೆ ‘ಸಂಘ’ದ ಕೆಳಗೆ ‘ಓರಗಿತ್ತಿ’ ಕೂತಿದ್ದಳು. ಆ ಹೆಸರನ್ನು ಒತ್ತಿ, ಹೊಸ ಪಾಸ್‌ವರ್ಡ್ ಹಾಕಿದಳು. ಪರದೆ ಕಪ್ಪಾಯಿತು. ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು. ಕಪ್ಪಿನೊಳಗಿಂದ ಹಸಿರು ಬಯಲೊಂದು ಎದ್ದು ಬಂತು, ಕೆಳಗೆ ಪಟ್ಟಿ, ಪಟ್ಟಿಯಲ್ಲಿ ಚಿತ್ರಗಳು, ಬಾಣದ ಗುರುತು. ಹದಿನಾಲ್ಕು ತಿಂಗಳು ದಿನಾ ಬಂದು ಕೂತವಳನ್ನು ಜಗುಲಿಯಲ್ಲೇ ನಿಲ್ಲಿಸಿದ ಯಂತ್ರ, ಒಂದು ದಿನವೂ ಮುಟ್ಟದವಳನ್ನು ಕೈ ಹಿಡಿದು ಒಳಗೆ ಕರೆದುಕೊಂಡಿತ್ತು.

ಅವಳು ಬಾಗಿಲು ತೆರೆದು ಓರಗಿತ್ತಿಯನ್ನು ಕರೆದಳು. “ನೋಡಿ ಅಕ್ಕಾ, ನಿಮ್ಮನ್ನ ಒಳಗೆ ಬಿಡ್ತು.”

ಓರಗಿತ್ತಿ ಪರದೆಯನ್ನು ನೋಡಿ, ಸೆರಗು ಸರಿಮಾಡಿಕೊಂಡು, ತಾನು ಏನೂ ಮಾಡಿಲ್ಲ ಎಂದಳು.

“ಮಾಡಿಲ್ಲ ಅಂತಲೇ ಬಿಟ್ಟಿರೋದು,” ಎಂದಳು ಮೀಟರಕ್ಕ. ಹೇಳಿದ ಮೇಲೆ ಆ ಮಾತು ಅವಳ ಮನಸ್ಸಿನಲ್ಲೇ ಕೂತುಬಿಟ್ಟಿತು.

ಅಂದರೆ ರೋಲರು ಸರಿ, ಬಟ್ಟೆಯದೇ ದೋಷ. ಯಂತ್ರದೊಳಗೆ ‘ಸಂಘ’ಕ್ಕೆಂದು ಇರುವ ಮನೆಯಲ್ಲೇ ಏನೋ ಕೆಟ್ಟಿದೆ. ಮಾವ ಈಗ ಉತ್ಸಾಹದಲ್ಲಿದ್ದ. ಬಚ್ಚಿಟ್ಟವೂ ಸೇರಿ ಆ ಮನೆಯಲ್ಲಿರುವ ಎಲ್ಲ ಕಡತಗಳ ಪಟ್ಟಿ ತೆಗೆಸಿದ. ಕಪ್ಪು ಪರದೆ ತುಂಬ ಸಾಲುಗಳು. ಪ್ರತಿ ಸಾಲಿನಲ್ಲೂ ಕಡತದ ಹೆಸರು, ತಾರೀಖು, ಅದು ಯಾರದ್ದು ಎಂಬ ಗುರುತು. ಅವನು ಒಂದೊಂದನ್ನೇ ಓದಿ ಹೇಳಲು ಹೇಳಿದ. ಅವಳು ಓದಲಿಲ್ಲ. ಒಗೆದು ಬಂದ ನೂರು ಬಿಳಿ ಬಟ್ಟೆಯ ರಾಶಿಯಲ್ಲಿ ಕಲೆ ಹುಡುಕುವವರು ಒಂದೊಂದು ಬಟ್ಟೆಯನ್ನೂ ಓದುತ್ತಾರೆಯೇ? ಕಣ್ಣನ್ನು ಸಡಿಲ ಬಿಟ್ಟು ಮೇಲಿಂದ ಕೆಳಕ್ಕೆ ಇಳಿಸಿದಳು. ಸಂಘ, ಸಂಘ, ಸಂಘ, ಸಂಘ. ಒಂದೇ ಒಂದು ಕಡೆ ಕಣ್ಣು ಎಡವಿತು.

“ಮಾವ, ಎಲ್ಲದರಲ್ಲೂ ಸಂಘ ಅಂತಿದೆ. ಒಂದರಲ್ಲಿ ಮಾತ್ರ ಆರ್, ಓ, ಓ, ಟಿ ಅಂತಿದೆ. ಚುಕ್ಕೆ, ದೊಡ್ಡ ಎಕ್ಸ್, ಆಮೇಲೆ ಎ, ಯು, ಟಿ, ಎಚ್…”

“ನಿಲ್ಲು, ನಿಲ್ಲು.” ಮಾವ ಹಾಸಿಗೆಯಿಂದ ಎದ್ದೇಬಿಟ್ಟನೋ ಏನೋ, ಹಿಂದಿನಿಂದ ಯಾರೋ ಗದರುವುದು ಕೇಳಿಸಿತು. ರೂಟ್ ಎಂದರೆ ಯಂತ್ರದ ಯಜಮಾನ. ಬಣ್ಣದ ಪರದೆ ತೆರೆಯುವಾಗ ಸಂಘ ತೋರಿಸಬೇಕಾದ ಚೀಟಿಯಂಥ ಕಡತ ಅದು, ಪ್ರತಿ ಸಲವೂ ಅದರಲ್ಲಿ ಹೊಸದಾಗಿ ಬರೆಯಬೇಕು. ಈಗ ಅದು ಯಜಮಾನನ ಹೆಸರಿಗೆ ಹೋಗಿಬಿಟ್ಟಿದೆ, ಸಂಘಕ್ಕೆ ಅದನ್ನು ಮುಟ್ಟುವ ಹಕ್ಕಿಲ್ಲ. ಚೀಟಿ ಇಲ್ಲದವರನ್ನು ಯಂತ್ರ ಹೊರಗೆ ಕಳಿಸುತ್ತಿದೆ.

ಓರಗಿತ್ತಿ ಫೋನಿಗೆ ಕಿವಿಗೊಟ್ಟು ಹಿಂದೆಯೇ ನಿಂತಿದ್ದಳು. ಯಜಮಾನನ ಹೆಸರಿಗೆ ಹೋಗಿದೆ ಎಂಬಷ್ಟೇ ಅವಳಿಗೆ ಸಾಕಾಯಿತು. ಕಂಡಿತಲ್ಲ ಈಗ, ಅವನದೇ ಕೈವಾಡ ಎಂದು ಹೊರಗೆ ನಿಂತವರಿಗೆ ಹೇಳಿಯೂ ಬಿಟ್ಟಳು. ಹೆಂಗಸರಲ್ಲಿ ಗುಜುಗುಜು ಎದ್ದಿತು. ಯಾರೋ ಕಂಪ್ಯೂಟರಿನವನನ್ನು ಹಿಡಿದು ತರೋಣ ಎಂದರು.

“ತಾರೀಖು ಏನಿದೆ ಅದರ ಮುಂದೆ?” ಎಂದು ಮಾವ ಕೇಳಿದ.

ಮೀಟರಕ್ಕ ನೋಡಿದಳು. ನಿನ್ನೆಯ ತಾರೀಖು. ಸಂಜೆ ಐದು ನಲವತ್ತು.

ನಿನ್ನೆ ಸಂಜೆ ಐದು ನಲವತ್ತಕ್ಕೆ ಈ ಕುರ್ಚಿಯಲ್ಲಿ ಕೂತಿದ್ದವಳು ಅವಳೇ. ತಾಪದ ಪಟ್ಟಿಯನ್ನು ಅಚ್ಚು ಹಾಕಿಸಲು ಹೋದರೆ ಪ್ರಿಂಟರು ಮುನಿಸಿಕೊಂಡಿತ್ತು. ಅದರ ಹೊಂದಾಣಿಕೆ ಬದಲಿಸಲು ಹೋದರೆ ನಿನಗೆ ಅಧಿಕಾರವಿಲ್ಲ ಎಂದಿತ್ತು. ಅವಳಿಗೆ ರೇಗಿ, ಪರದೆಯ ಆ ಹೊಂದಾಣಿಕೆ ಕಿಟಕಿಯನ್ನೇ ಮುಂದೊಂದು ಸುಡು ಹಾಕಿ ತೆರೆದಿದ್ದಳು. ಯಜಮಾನನ ಅಧಿಕಾರದಲ್ಲಿ ತೆರೆದ ಆ ಕಿಟಕಿ, ಹೋಗುವಾಗ ಚೀಟಿಯನ್ನೂ ಯಜಮಾನನ ಹೆಸರಿಗೆ ಬರೆದು ಹೋಗಿತ್ತು. ಪ್ರಿಂಟರು ಆಗಲೂ ಓಡಿರಲಿಲ್ಲ. ಯಂತ್ರ ಆರಿಸಿ ಮನೆಗೆ ಹೋಗಿದ್ದಳು.

ಮಾವನಿಗೆ ಹೇಳಿದಳು. ಸುಡು ಅಂತ ಕಲಿಸಿದವನು ನಾನು, ಎಲ್ಲಿ ಹಾಕಬಾರದು ಅಂತ ಕಲಿಸಲಿಲ್ಲ, ಅರ್ಧ ಪಾಪ ನನಗಿರಲಿ ಎಂದ ಅವನು. ಅರ್ಧ ಪಾಪ ಹಂಚಿಕೊಳ್ಳಲು ಈಗ ಪುರಸೊತ್ತಿರಲಿಲ್ಲ. ಅವಳು ಎದ್ದು ಬಾಗಿಲಿಗೆ ಹೋದಳು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಸಂಘಕ್ಕೆ ಒಂದು ಒಳ್ಳೆಯ ಸಿಟ್ಟೂ ಸಿಗುತ್ತಿತ್ತು. ಅದು ಅವಳ ತಲೆಗೆ ಹೊಳೆಯದೆ ಇರಲಿಲ್ಲ.

“ಅವನು ಏನೂ ಮಾಡಿಲ್ಲ. ನಿನ್ನೆ ಸಂಜೆ ಕೆಡಿಸಿದ್ದು ನಾನು. ಈಗ ಸರಿ ಮಾಡೋದೂ ನಾನೇ. ಎಲ್ರೂ ಕೆಲಸಕ್ಕೆ ಹೋಗಿ.”

ಓರಗಿತ್ತಿಯ ಮುಖ ಸಪ್ಪಗಾಯಿತು. ನಾಲ್ಕು ಸಾಕ್ಷಿಗಳನ್ನು ಆಗಲೇ ಗೊತ್ತುಮಾಡಿ ಆಗಿತ್ತು.

ಮಾವ ಅಕ್ಷರ ಅಕ್ಷರವಾಗಿ ಹೇಳಿದ: ಸುಡೊ, ಜಾಗ ಬಿಟ್ಟು, ಸಿ ಎಚ್ ಓ ಡಬ್ಲ್ಯೂ ಎನ್, ಜಾಗ ಬಿಟ್ಟು, ಸಂಘ. ಕೊನೆಗೆ ಆ ಕಡತದ ಹೆಸರು, ಮುಂದಿನ ಚುಕ್ಕೆ ಮರೆಯಬೇಡ. ಕಡತದ ಒಡೆತನ ಬದಲಿಸುವ ಆಜ್ಞೆ. ಅವಳು ಎಂಟರ್ ಹೊಡೆದಳು. ಯಂತ್ರ ಏನೂ ಹೇಳಲಿಲ್ಲ. ಕೆಲಸವಾದರೆ ಅದು ಮಾತಾಡುವುದಿಲ್ಲ, ಆಗದಿದ್ದರೆ ಮಾತ್ರ ಮಾತಾಡುತ್ತದೆ ಎಂದು ಇಷ್ಟು ಹೊತ್ತಿಗೆ ಅವಳಿಗೆ ತಿಳಿದಿತ್ತು. ಪಟ್ಟಿ ಮತ್ತೆ ತೆಗೆದಳು. ಸಂಘ, ಸಂಘ, ಸಂಘ. ಎಡವುವ ಜಾಗವೇ ಇಲ್ಲ. ನೀಲಿ ಪರದೆಗೆ ಬಂದು ಪಾಸ್‌ವರ್ಡ್ ಒತ್ತಿದಳು. ಕಪ್ಪಾಯಿತು, ಮತ್ತೆ ಬೆಳಗಿತು, ಅವಳು ದಿನಾ ನೋಡುವ ಆ ಹಳೆಯ ಪರದೆ, ಎಡಕ್ಕೆ ‘ಸೆಕೆ’ ಎಂಬ ಹೆಸರಿನ ಅವಳ ಕಡತಗಳ ಚೀಲದ ಚಿತ್ರ. ಒಳಗೆ ಮುನ್ನೂರ ನಲವತ್ತೊಂದೂ ಇದ್ದವು, ತಾರೀಖಿನ ಸಮೇತ. ಗಂಟೆ ಒಂದೂ ಇಪ್ಪತ್ತು. ಮಾವನಿಗೆ ಬಂತು ಎಂದಳು. ಅವನಿಗೆ ಕಣ್ಣೀರು ಬರಬಾರದಂತೆ, ಡಾಕ್ಟರು ಹೇಳಿದ್ದಾರೆ, ಹಾಗಾಗಿ ಬೇಗ ಫೋನಿಟ್ಟ.

ಅಧಿಕಾರಿ ಮೂರಕ್ಕೆ ಸರಿಯಾಗಿ ಬಂದರು. ಸಣಕಲು ಮನುಷ್ಯ, ಮಾತು ಕಡಿಮೆ, ಕೈಯಲ್ಲಿ ಒಂದು ಚೀಲ. ಮ್ಯಾನೇಜರು ಜೊತೆಗೇ ಬಂದು, ಕೂರುವ ಮೊದಲೇ ತಮ್ಮ ಮಾತು ಆಡಿಬಿಟ್ಟರು. ಬೆಳಿಗ್ಗೆಯೆಲ್ಲ ಈ ಯಂತ್ರ ಕೆಟ್ಟಿತ್ತು, ಬಾಗಿಲು ಹಾಕಿಕೊಂಡು ಮೂರು ಗಂಟೆ ಏನೋ ಮಾಡಿದ್ದಾರೆ, ಕಾರ್ಖಾನೆಯ ಸಹಾಯವನ್ನೂ ಬೇಡವೆಂದಿದ್ದಾರೆ, ಇನ್ನು ಇದರೊಳಗಿನ ತಾರೀಖನ್ನು ನಂಬುವುದು ಹೇಗೆ ಎಂದರು.

ಅಧಿಕಾರಿ ಮೀಟರಕ್ಕನ ಕಡೆ ನೋಡಿದರು. ಅವಳು ಏನೂ ಮುಚ್ಚಿಡಲಿಲ್ಲ. ನಿನ್ನೆ ಸಂಜೆ ತಾನು ಏನು ಒತ್ತಿದೆ, ಬೆಳಿಗ್ಗೆ ಏನಾಯಿತು, ಹೇಗೆ ಹುಡುಕಿದೆ, ಯಾವ ಒಂದು ಕಡತದ ಒಡೆತನ ಬದಲಿಸಿದೆ ಎಂದು ಹೇಳಿ, ಕಪ್ಪು ಪರದೆಗೆ ಹೋಗಿ ಒತ್ತಿದ ಆಜ್ಞೆಗಳನ್ನು ಒಂದೊಂದಾಗಿ ತೋರಿಸಿದಳು. ಯಂತ್ರ ಎಲ್ಲವನ್ನೂ ನೆನಪಿಟ್ಟುಕೊಂಡಿತ್ತು, ಅವಳು ತಪ್ಪು ಒತ್ತಿದ್ದವನ್ನೂ. ಅಧಿಕಾರಿ ಬರೆದುಕೊಂಡರು. ಆಮೇಲೆ ‘ಸೆಕೆ’ಯೊಳಗಿನ ತಾರೀಖುಗಳನ್ನು ಅರ್ಧ ಗಂಟೆ ನೋಡಿದರು. ನೋಡಿಯಾದ ಮೇಲೆ, ಗೊತ್ತಿದ್ದವರು ಈ ತಾರೀಖುಗಳನ್ನು ಬದಲಿಸಬಹುದಲ್ಲವೇ ಎಂದು ಕೇಳಿದರು.

“ಬದಲಿಸಬಹುದಂತೆ ಸಾರ್. ನನಗೆ ಬರಲ್ಲ, ಆದ್ರೆ ಬರೋರು ಇದಾರೆ.” ಮ್ಯಾನೇಜರು ಏನೋ ಹೇಳಲು ಬಾಯಿ ತೆರೆದರು. ಅವಳು ಅವರ ಕಡೆ ತಿರುಗಲಿಲ್ಲ. “ಯಂತ್ರನ ನಂಬಬೇಡಿ, ನನ್ನನ್ನೂ ನಂಬಬೇಡಿ. ನೂರು ಹೆಜ್ಜೆ ಆಚೆ ಇಸ್ತ್ರಿ ವಿಭಾಗ ಇದೆ. ಒಳಗೆ ಬಂದು ನಿಂತ್ಕೊಳ್ಳಿ.”

ಅವರು ಬಂದರು. ಬಂದು ನೋಡಿದರೆ ಕಿಟಕಿಗಳೆಲ್ಲ ಹಾರುಹೊಡೆದಿದ್ದವು, ಆರು ರೋಲರಿನಲ್ಲಿ ನಾಲ್ಕು ನಿಂತಿದ್ದವು, ಎಲ್ಲಿಂದಲೋ ತಂದ ಎರಡು ದೊಡ್ಡ ಫ್ಯಾನು ತಿರುಗುತ್ತಿದ್ದವು. ಅಧಿಕಾರಿಯ ಚೀಲದಿಂದ ಹೊರಬಂದ ಅವರದೇ ತಾಪಮಾಪಕ ಮೂವತ್ತಮೂರು ತೋರಿಸಿತು. ಮ್ಯಾನೇಜರು ಕೈ ಕಟ್ಟಿ ನಿಂತರು.

ಮೀಟರಕ್ಕ ಹೊರಗೆ ಜೋಡಿಸಿಟ್ಟಿದ್ದ ಗಾಡಿಗಳ ಕಡೆ ಕೈ ತೋರಿಸಿದಳು. ಒದ್ದೆ ಬಟ್ಟೆ ತುಂಬಿದ ಇಪ್ಪತ್ತೆರಡು ಗಾಡಿ. ಇದು ಇವತ್ತು ಸಂಜೆಯೊಳಗೆ ಆಸ್ಪತ್ರೆಗಳಿಗೆ ಹೋಗಬೇಕಾದದ್ದು, ಎರಡು ರೋಲರಿನಲ್ಲಿ ನಾಳೆಗೂ ಮುಗಿಯುವುದಿಲ್ಲ ಎಂದಳು. ಇಷ್ಟು ಹೇಳಿ ಅವಳು ಯಾರ ಅಪ್ಪಣೆಗೂ ಕಾಯಲಿಲ್ಲ. ಹೋಗಿ ಮೂರನೇ ರೋಲರಿನ ಗುಂಡಿ ಒತ್ತಿದಳು. ಓರಗಿತ್ತಿ ಆ ಎರಡು ಫ್ಯಾನುಗಳ ತಂತಿ ಕಿತ್ತು ಸುತ್ತಿ ಮೂಲೆಗಿಟ್ಟಳು. ಗಾಳಿಗೆ ಬಟ್ಟೆ ಹಾರಿ ನೆಲಕ್ಕೆ ಬೀಳುತ್ತದೆಂದು ಮ್ಯಾನೇಜರೇ ಯಾವತ್ತೂ ಮುಚ್ಚಿಸುವ ಕಿಟಕಿಗಳನ್ನು ಮಡಿಸುವವರು ಒಂದೊಂದಾಗಿ ಮುಚ್ಚಿದರು. ಹದಿನೆಂಟು ಹೆಂಗಸರೂ ತಮ್ಮ ತಮ್ಮ ಜಾಗಕ್ಕೆ ಹೋದರು, ಆರೂ ರೋಲರು ಓಡತೊಡಗಿದವು. ಕೆಲಸ ಮಾಡಬೇಡಿ ಎಂದು ಹೇಳಲು ಮ್ಯಾನೇಜರಿಗೆ ಬಾಯಿ ಬರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವರು ಹಾಗೆ ಹೇಳಿದವರೇ ಅಲ್ಲ.

ಇಪ್ಪತ್ತು ನಿಮಿಷಕ್ಕೆ ಮೂವತ್ತೆಂಟು. ನಲವತ್ತು ನಿಮಿಷಕ್ಕೆ ನಲವತ್ತೊಂದು. ಅಧಿಕಾರಿಯ ಅಂಗಿ ಬೆನ್ನಿಗೆ ಅಂಟಿತ್ತು, ಕನ್ನಡಕ ಮಂಜಾಗಿತ್ತು. ಎಷ್ಟು ಹೊತ್ತು ಹೀಗೆ ನಿಂತಿರುತ್ತೀರಿ ಎಂದು ಹತ್ತಿರದವಳನ್ನು ಕೇಳಿದರು. ಎಂಟು ಗಂಟೆ, ನಡುವೆ ಅರ್ಧ ಗಂಟೆ ಊಟಕ್ಕೆ ಎಂದಳು ಅವಳು, ಬಟ್ಟೆಯಿಂದ ಕಣ್ಣು ತೆಗೆಯದೆ. ಅವರು ಹೊರಗೆ ಹೋಗಿ ಎರಡು ಲೋಟ ನೀರು ಕುಡಿದು, ಗೋಡೆಯ ನೆರಳಲ್ಲಿ ನಿಂತೇ ಬರೆದರು.

ಆದೇಶ ಬರಲು ಇಪ್ಪತ್ತಾರು ದಿನ ಹಿಡಿಯಿತು. ಸೂರಿನ ಮೇಲೆ ಬಿಸಿಗಾಳಿ ಎಳೆದು ಹೊರಹಾಕುವ ನಾಲ್ಕು ಫ್ಯಾನು ಬಂದವು, ಗಂಟೆಗೆ ಹತ್ತು ನಿಮಿಷ ವಿರಾಮ ಬಂತು. ಅಂದುಕೊಂಡಷ್ಟು ಬರಲಿಲ್ಲ, ಆರು ಫ್ಯಾನು ಕೇಳಿದ್ದರು. ಆದೇಶ ಬಂದ ಮರುದಿನವೇ ಮೀಟರಕ್ಕನನ್ನು ಇಸ್ತ್ರಿಯಿಂದ ಎತ್ತಿ, ಕೊಳೆ ಬಟ್ಟೆ ವಿಂಗಡಿಸುವ ಹಿಂದಿನ ಕೊಟ್ಟಿಗೆಗೆ ಹಾಕಿದರು. ಅನುಭವಸ್ಥರು ಅಲ್ಲಿ ಬೇಕು ಎಂದು ಕಾಗದದಲ್ಲಿ ಬರೆದಿದ್ದರು. ಶಿಕ್ಷೆ ಎಂದು ಎಲ್ಲರಿಗೂ ಗೊತ್ತಿತ್ತು. ಗಂಡ, ಸಾಕು ಬಿಡು ಇನ್ನು, ಗೆದ್ದೆಯಲ್ಲ ಎಂದ. ಇಸ್ತ್ರಿಯ ತಾಪ ಬರೆಯುವ ಕೆಲಸವನ್ನು ಓರಗಿತ್ತಿ ವಹಿಸಿಕೊಂಡಳು. ಅವಳಿಗೆ ಯಂತ್ರದೊಳಗೆ ಸ್ವಂತ ಹೆಸರು ಆಗಲೇ ಇತ್ತಲ್ಲ.

ಕೊಟ್ಟಿಗೆಯಲ್ಲಿ ಸೆಕೆ ಇರಲಿಲ್ಲ, ವಾಸನೆ ಇತ್ತು. ಆಸ್ಪತ್ರೆಯಿಂದ ಗಂಟು ಕಟ್ಟಿ ಬಂದ ಬಟ್ಟೆಗಳನ್ನು ಬಿಚ್ಚಿ, ಕೊಡವಿ, ಬೇರೆ ಮಾಡಬೇಕು. ಮೂರನೇ ದಿನ ಪಕ್ಕದವಳ ಬೆರಳಿಗೆ ಏನೋ ಚುಚ್ಚಿತು. ಚಾದರದ ಮಡಿಕೆಯೊಳಗೆ ಬಳಸಿ ಎಸೆದ ಇಂಜೆಕ್ಷನ್ ಸೂಜಿ. ಇದು ಇಲ್ಲಿ ಇದ್ದದ್ದೇ ಎಂದು ಅವಳು ಬೆರಳು ಚೀಪಲು ಹೋದಳು. ಮೀಟರಕ್ಕ ಆ ಕೈ ಹಿಡಿದು ನಿಲ್ಲಿಸಿ, ನಲ್ಲಿಯ ಕೆಳಗೆ ಹಿಡಿಸಿ, ಗೇಟಿನಾಚೆಯ ಆಸ್ಪತ್ರೆಗೆ ತಾನೇ ಕರೆದುಕೊಂಡು ಹೋದಳು. ಬಂದ ಮೇಲೆ ಒಂದು ಗಾಜಿನ ಭರಣಿ ತಂದು ಸೂಜಿಯನ್ನು ಚಿಮುಟದಲ್ಲಿ ಎತ್ತಿ ಅದರೊಳಗೆ ಹಾಕಿ, ಮುಚ್ಚಳ ಬಿಗಿದಳು. ಸಂಜೆ ಸಂಘದ ಕೋಣೆಗೆ ಹೋಗಿ ಹೊಸ ಚೀಲವೊಂದನ್ನು ಮಾಡಿ ಅದಕ್ಕೆ ‘ಸೂಜಿ’ ಎಂದು ಹೆಸರಿಟ್ಟಳು. ಈ ಸಲ ಒಂದೇ ಕಡತ, ಸಾಲಿನ ಕೆಳಗೆ ಸಾಲು.

ಎರಡು ವಾರದ ಮೇಲೆ ಮ್ಯಾನೇಜರು ಕೊಟ್ಟಿಗೆಯ ಕಡೆ ಬಂದರು. ಮೂಗಿಗೆ ಕರವಸ್ತ್ರ ಹಿಡಿದು, ಕಿಟಕಿಯ ಮೇಲಿದ್ದ ಭರಣಿಯನ್ನು ನೋಡಿ, ಇದೇನು ಎಂದು ಕೇಳಿದರು.

“ಇವತ್ತು ಮೂರು ಸಿಕ್ತು ಸಾರ್,” ಎಂದಳು ಮೀಟರಕ್ಕ. ಹೇಳಿ, ಮುಂದಿನ ಗಂಟು ಬಿಚ್ಚಿದಳು.